ನಡೆಯದ ಕ್ಲಾಸಿಗೆ ಗಂಟೆ ಬರೆದುಕೊಟ್ಟಿರುವ ಬಗ್ಗೆ ದೂರು

ಬೆಂಗಳೂರು
6 ಜನವರಿ 2025

ಇವರಿಗೆ,
ವ್ಯವಸ್ಥಾಪಕರು,
ಎಪಿಟಿಡಿ ತಯಾರಿ ಕೋರ್ಸ್ ವಿಭಾಗ

ವಿಷಯ: 16 ಕ್ಲಾಸಿನಲ್ಲಿ 7 ನಡೆಯದಿದ್ದರೂ 32 ಗಂಟೆ ಎಂದು ಪತ್ರ ಕೊಟ್ಟಿರುವುದು, ಬಾಕಿ ಕ್ಲಾಸ್ ಇಲ್ಲವೇ ಹಣ ವಾಪಸ್ ಕೋರಿ.

ಮಾನ್ಯರೇ,

ನಾನು ನಿಮ್ಮ ಸೆಪ್ಟೆಂಬರ್ ತಿಂಗಳ ಭಾನುವಾರದ ಬ್ಯಾಚಿನವಳು. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟ್ರೇನರ್ ಆಗಿದ್ದೇನೆ. ಟೈಲರ್ ಆಗಿ ಸೇರಿ 11 ವರ್ಷವಾಯಿತು. ಕೆಲಸ ಮಾಡುತ್ತಲೇ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಮುಗಿಸಿದೆ. 5 ವರ್ಷದಿಂದ ಹೊಸದಾಗಿ ಸೇರುವ ಹುಡುಗಿಯರಿಗೆ ಮಷಿನ್ ಕಲಿಸುತ್ತಿದ್ದೇನೆ.

ಎಪಿಟಿಡಿ ಅಂದರೆ ತರಬೇತಿ ಕೊಡುವ ನಮ್ಮಂಥವರಿಗೆ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟ್. ಅದನ್ನು ಕೊಡುವುದು ನೀವಲ್ಲ, ಅಮೆರಿಕದ ಅಸೋಸಿಯೇಷನ್ ಫಾರ್ ಟ್ಯಾಲೆಂಟ್ ಡೆವಲಪ್‌ಮೆಂಟ್. ಅದರ ಪರೀಕ್ಷೆ ಬರೆಯಲು ತರಬೇತಿ ಕೆಲಸದಲ್ಲಿ 3 ವರ್ಷ ಅನುಭವ ಬೇಕು. ಹಿಂದಿನ 3 ವರ್ಷದಲ್ಲಿ ನಾವೂ 28 ಗಂಟೆ ಈ ಕೆಲಸದ ಬಗ್ಗೆ ಕಲಿತಿರಬೇಕು. ಅನುಭವ ನನಗಿತ್ತು, ಗಂಟೆ ಇರಲಿಲ್ಲ. ಹೊಲಿಗೆ ಕಲಿಸು ಅಂದರು, ಕಲಿಸಿದೆ. ಹೇಗೆ ಕಲಿಸಬೇಕು ಅಂತ ನನಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಇದನ್ನು ಫೋನಿನಲ್ಲಿ ಹೇಳಿದಾಗ ನಿಮ್ಮವರು, "32 ಗಂಟೆ ಲೈವ್ ಕ್ಲಾಸ್ ಇದೆ ಮೇಡಂ, ಬೇಕಾದ್ದಕ್ಕಿಂತ ಜಾಸ್ತಿನೇ ಆಗುತ್ತೆ" ಅಂದರು. ಆ ಮಾತು ನಂಬಿ ಚೀಟಿ ಎತ್ತಿ ಹಣ ಕಟ್ಟಿದೆ. ಫೀಸು 38,000, ಜಿಎಸ್‌ಟಿ 6,840, ಒಟ್ಟು 44,840 ರೂಪಾಯಿ.

ಸೆಪ್ಟೆಂಬರ್ 1ರಿಂದ ಡಿಸೆಂಬರ್ 15ರವರೆಗೆ 16 ಭಾನುವಾರ, ದಿನಕ್ಕೆ 2 ಗಂಟೆ. ನಡೆದದ್ದು 9 ಕ್ಲಾಸ್. ನವೆಂಬರ್ 3 ದೀಪಾವಳಿ ಸಮಯ, ಅದಕ್ಕೆ ನನ್ನ ತಕರಾರಿಲ್ಲ, ಇನ್ನೊಂದು ದಿನ ಮಾಡಬಹುದಿತ್ತು ಅಷ್ಟೇ. ಉಳಿದ 6 ಸಲ, 10 ಗಂಟೆಯ ಕ್ಲಾಸಿಗೆ 9.50ಕ್ಕೆ ಗ್ರೂಪಿನಲ್ಲಿ ಮೆಸೇಜ್ ಬರುತ್ತಿತ್ತು: "ಇಂದು ಕ್ಲಾಸ್ ಇಲ್ಲ." ಅಷ್ಟು ಹೊತ್ತಿಗೆ ನಾನು ಬೆಳಿಗ್ಗೆ ಬೇಗ ಎದ್ದು ಅಡುಗೆ ಮುಗಿಸಿ, ಮಗನನ್ನು ಅಕ್ಕನ ಮನೆಗೆ ಬಿಟ್ಟು ಬಂದು ಕೂತಿರುತ್ತಿದ್ದೆ. ವಾರಕ್ಕೆ ನನಗಿರುವುದು ಅದೊಂದೇ ರಜೆ.

ಬದಲಿಗೆ 4 ವಿಡಿಯೊ ಕಳಿಸಿದಿರಿ. ಎಲ್ಲ ಸೇರಿ 3 ಗಂಟೆಯೂ ಇಲ್ಲ. ಅದರಲ್ಲಿ ಹೇಳುವುದು ಸಿಪಿಎಲ್‌ಪಿ ಪರೀಕ್ಷೆಯ ಬಗ್ಗೆ. ಅದು ಅದೇ ಅಸೋಸಿಯೇಷನ್‌ನ ಮೇಲಿನ ಹಂತದ ಬೇರೆ ಪರೀಕ್ಷೆ. ಆ ಹೆಸರೇ ಈಗಿಲ್ಲ, ಸಿಪಿಟಿಡಿ ಆಗಿದೆ, ಪಠ್ಯವೂ ಬದಲಾಗಿದೆ. ನಾನು ಕಟ್ಟಿದ್ದು ಎಪಿಟಿಡಿಗೆ.

ನಡೆದ 9 ಕ್ಲಾಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಡಂ ತುಂಬ ಚೆನ್ನಾಗಿ ಪಾಠ ಮಾಡಿದರು. ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಹಂತ, ಅಂದರೆ ತರಬೇತಿ ಎಷ್ಟು ಫಲ ಕೊಟ್ಟಿತು ಅಂತ ಅಳೆಯುವ ಕ್ರಮ, ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಲಿಯುವವರಿಗೆ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಅದನ್ನು ಮಾಡುತ್ತಿದ್ದಾರಾ, ಅದರಿಂದ ಪ್ರಯೋಜನ ಆಯಿತಾ. ಅಲ್ಲಿಯವರೆಗೆ ನಾನು ಫಾರ್ಮ್ ತುಂಬಿಸಿಕೊಂಡು ಮೊದಲ ಹಂತದಲ್ಲೇ ನಿಲ್ಲುತ್ತಿದ್ದೆ. ಈಗ ನನ್ನ ಹುಡುಗಿಯರು ಲೈನಿಗೆ ಹೋದ ಎರಡು ವಾರಕ್ಕೆ ನಾನೂ ಹೋಗಿ ಪಕ್ಕದಲ್ಲಿ ನಿಂತು ನೋಡುತ್ತೇನೆ. ಅದಕ್ಕೇ ಉಳಿದ 7 ಕ್ಲಾಸ್ ನನಗೆ ಬೇಕು.

ಡಿಸೆಂಬರ್ 20ರಂದು ನಿಮ್ಮ ಪತ್ರ ಬಂತು. ದಪ್ಪ ಕಾಗದ, ಬಂಗಾರದ ಬಣ್ಣದ ಸೀಲು, "32 ಗಂಟೆ ಲೈವ್ ತರಬೇತಿ ಪೂರೈಸಿದ್ದಾರೆ" ಎಂಬ ಸಾಲು. ನಡೆದದ್ದು 18 ಗಂಟೆ. ವಿಡಿಯೊ ಸೇರಿಸಿದರೂ 21 ದಾಟುವುದಿಲ್ಲ. ಫೋನ್ ಮಾಡಿ ಕೇಳಿದೆ. "ಅರ್ಜಿಗೆ 28 ಸಾಕಲ್ವಾ ಮೇಡಂ, ನಾವು 32 ಕೊಟ್ಟಿದ್ದೀವಿ, ಸುಮ್ನೆ ಹಾಕಿ" ಎಂಬ ಉತ್ತರ ಬಂತು.

ಸುಮ್ಮನೆ ಹಾಕಲು ನನ್ನಿಂದ ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಹೊಸಬರಿಗೆ ಮೊದಲು ಬಟ್ಟೆ ಕೊಡುವುದಿಲ್ಲ. ದಾರ ಇಲ್ಲದ ಮಷಿನ್‌ನಲ್ಲಿ ಕಾಗದದ ಮೇಲೆ ಹೊಲಿಸುತ್ತೇವೆ. ನೇರ ಗೆರೆ, ಆಮೇಲೆ ಮೂಲೆ, ಆಮೇಲೆ ಸುತ್ತು. ಸೂಜಿ ಗೆರೆ ಮೇಲೇ ತೂತು ಮಾಡಿಕೊಂಡು ಹೋಗಬೇಕು. ಪೆಡಲ್ ಮೇಲೆ ಕಾಲು ಹದಕ್ಕೆ ಬಂದ ಮೇಲೆಯೇ ಬಟ್ಟೆ. ಯಾರು ಎಷ್ಟು ಗಂಟೆ ಕಲಿತರು ಅಂತ ದಿನವೂ ರಿಜಿಸ್ಟರಿನಲ್ಲಿ ಬರೆದು ಅವರ ಸಹಿ ಹಾಕಿಸುತ್ತೇನೆ. ನಾನು ಟೈಲರ್ ಆಗಿ ಸೇರಿದಾಗ ನನಗೆ 3 ದಿನ ತರಬೇತಿ ಆಯಿತು ಅಂತ ಯಾರೋ ಬರೆದಿದ್ದರು. ಆಗಿದ್ದು ಅರ್ಧ ದಿನ. ಮರುದಿನವೇ ಲೈನಿಗೆ ಕೂರಿಸಿದರು. ಎಡಗೈ ತೋರುಬೆರಳಿಗೆ ಸೂಜಿ ಇಳಿದು ಉಗುರಿನ ಕೆಳಗೆ ಮುರಿಯಿತು. ಆ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ. ಟ್ರೇನರ್ ಆದ ಮೇಲೆ ನನ್ನ ರಿಜಿಸ್ಟರಿನಲ್ಲಿ ಒಂದು ಗಂಟೆಯನ್ನೂ ಸುಳ್ಳು ಬರೆದಿಲ್ಲ.

ಪರೀಕ್ಷೆಯ ಅರ್ಜಿಯಲ್ಲಿ ಎಲ್ಲ ನಿಜ ಅಂತ ಒಪ್ಪಿಕೊಳ್ಳಬೇಕಾದವಳು ನಾನು. ಸಿಕ್ಕಿಬಿದ್ದರೆ ಹೆಸರು ಹೋಗುವುದೂ ನನ್ನದೇ. ತರಬೇತಿ ಕೊಡುವ ಸಂಸ್ಥೆಯೇ ಟ್ರೇನರ್‌ಗೆ ಹೀಗೆ ಮಾಡು ಅಂತ ಹೇಳಿದ್ದು ನನಗೆ ಹಣಕ್ಕಿಂತ ಜಾಸ್ತಿ ನೋವು ಕೊಟ್ಟಿದೆ.

ಆದ್ದರಿಂದ ಮೊದಲು ಆ ಪತ್ರವನ್ನು ವಾಪಸ್ ತೆಗೆದುಕೊಂಡು, ನಡೆದ 18 ಗಂಟೆಗೆ ಸರಿಯಾದ ಪತ್ರ ಕೊಡಿ. ಬಾಕಿ 7 ಕ್ಲಾಸನ್ನು ಮಾರ್ಚ್ 2ರೊಳಗೆ, ಈಗಿನ ಪಠ್ಯದ ಪ್ರಕಾರ, ಸಾಧ್ಯವಾದರೆ ಅದೇ ಮೇಡಂ ಅವರಿಂದ ಮಾಡಿಸಿ. ಮುಗಿದ ಮೇಲೆ 32 ಎಂದು ಬರೆದು ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಅದು ಆಗದಿದ್ದರೆ 44,840 ರೂಪಾಯಿ ಪೂರ್ತಿ ವಾಪಸ್ ಕೊಡಿ. ಬ್ಯಾಚಿನ ಉಳಿದವರಿಗೂ ಇದೇ ಪತ್ರ ಹೋಗಿದೆ, ಅವರಿಗೂ ತಿಳಿಸಿ.

ಜನವರಿ 20ರೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸ್ ಬೇರೆ ಊರಿನಲ್ಲಿದ್ದರೂ ನಾನು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು.

ಹಣ ಕಟ್ಟಿದ ರಸೀದಿ, ಕ್ಲಾಸ್ ರದ್ದಾದ 7 ಮೆಸೇಜುಗಳ ಸ್ಕ್ರೀನ್‌ಶಾಟ್, ನಿಮ್ಮ ಪತ್ರದ ನಕಲು, ಮತ್ತು 9 ಕ್ಲಾಸಿಗೂ ನಾನು ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು ಬರೆದಿಟ್ಟ ನೋಟ್‌ಬುಕ್ಕಿನ ಪುಟಗಳನ್ನು ಜೊತೆಗಿಟ್ಟಿದ್ದೇನೆ.

ಇಂತಿ,
ಸೆಪ್ಟೆಂಬರ್ ಭಾನುವಾರದ ಬ್ಯಾಚಿನ ವಿದ್ಯಾರ್ಥಿನಿ