ಕರೆಂಟ್ ಹೋದ್ರೂ ನನ್ನ ಕಿವಿಲಿ ಸ್ಟಾರ್ಟರ್ ಗುಂಯ್ ಅಂತಾನೇ ಇರುತ್ತೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪೇಪರ್‌ಗಳ ಆರೋಗ್ಯದ ಪುಟದಲ್ಲಿ ಕಿವಿ ಗುಂಯ್‌ಗುಡೋರಿಗೆ ಒಂದು ಸಲಹೆ ಆಗಾಗ ಬರ್ತಾ ಇರುತ್ತೆ, ಶಾಂತವಾದ ಜಾಗದಲ್ಲಿರಿ, ಟೆನ್ಶನ್ ಮಾಡ್ಕೋಬೇಡಿ ಅಂತ. ಟೆನ್ಶನ್ ವಿಷ್ಯ ಬಿಡಿ, ಮಾವು ಟೊಮೇಟೊ ಬೆಳೆಯೋನಿಗೆ ಅದು ಇದ್ದದ್ದೇ. ಆ ಶಾಂತವಾದ ಜಾಗದ ಬಗ್ಗೆ ನಂದೊಂದು ತಕರಾರಿದೆ.

ನಾನು ಶ್ರೀನಿವಾಸಪುರ ತಾಲ್ಲೂಕಿನೋನು. ವಯಸ್ಸಿನಲ್ಲಿ ಬೋರ್‌ವೆಲ್ ಕೊರೆಯೋ ಲಾರಿಲಿ ಕೆಲಸ ಮಾಡ್ದೋನು. ತಮಿಳುನಾಡಿನ ತಿರುಚೆಂಗೋಡು ಕಡೆಯಿಂದ ಬರೋ ಲಾರಿಗಳು ಗೊತ್ತಲ್ಲ, ಅವುಗಳಲ್ಲಿ ರಾಡ್ ಬಿಡೋದು, ಕೇಸಿಂಗ್ ಪೈಪ್ ಇಳಿಸೋದು ನಮ್ಮ ಕೆಲಸ. ನಮ್ಮ ಜಿಲ್ಲೇಲಿ ಎಷ್ಟೋ ಕಡೆ ಸಾವಿರ ಅಡಿ ದಾಟದೆ ನೀರು ಸಿಗ್ತಿರ್ಲಿಲ್ಲ, ಅಂದ್ರೆ ರಾತ್ರಿಯೆಲ್ಲಾ ಕಂಪ್ರೆಸರ್ ಪಕ್ಕದಲ್ಲೇ ನಿಂತಿರಬೇಕಿತ್ತು, ಪಕ್ಕದೋನಿಗೆ ಏನಾದ್ರೂ ಹೇಳ್ಬೇಕಂದ್ರೆ ಕೈ ಸನ್ನೇಲೇ ಹೇಳ್ಬೇಕಿತ್ತು. ಕಿವಿಗೆ ಏನೂ ಇರ್ಲಿಲ್ಲ, ತಲೆಗೆ ಟವೆಲ್ ಸುತ್ಕೊಂಡ್ರೆ ಅದೇ ಸೇಫ್ಟಿ.

ಈಗ ನನ್ನ ಕಿವಿಲಿ ಇರೋದು ಎಲ್ಲರೂ ಹೇಳೋ ಕೊಯ್ಯ್ ಅನ್ನೋ ಒಂದೇ ಸದ್ದಲ್ಲ. ಸುತ್ತಮುತ್ತ ಏನು ಸದ್ದಿದ್ಯೋ ಅದನ್ನೇ ಹಿಡ್ಕೊಳ್ಳುತ್ತೆ. ಮಿಕ್ಸಿ ಹಾಕಿದ್ರೆ ಮಿಕ್ಸಿ ಥರ, ಬಸ್ಸಲ್ಲಿ ಕೂತ್ರೆ ಇಂಜಿನ್ ಥರ, ಆ ಸದ್ದು ನಿಂತ ಮೇಲೂ ಇದು ನಿಲ್ಲಲ್ಲ, ಎಷ್ಟೋ ಹೊತ್ತು ಎಳೀತಾ ಇರುತ್ತೆ. ಭಾರೀ ಫಜೀತಿ ಆಗೋದು ರಾತ್ರಿ ಹೊತ್ತು ಪಂಪ್‌ಗೆ ತ್ರೀ ಫೇಸ್ ಕರೆಂಟ್ ಕೊಟ್ಟಾಗ. ಮೋಟ್ರು ಭೂಮಿ ಒಳಗೆಲ್ಲೋ ಇರುತ್ತೆ, ಅದರ ಸದ್ದು ಯಾರಿಗೂ ಕೇಳಲ್ಲ, ಶೆಡ್ಡಲ್ಲಿರೋ ಸ್ಟಾರ್ಟರ್ ಬಾಕ್ಸ್ ಗುಂಯ್ ಅಂತಿದ್ರೆ ಓಡ್ತಾ ಇದೆ ಅಂತ ಲೆಕ್ಕ. ನನಗೆ ಕರೆಂಟ್ ಹೋದ್ರೂ ಆ ಗುಂಯ್ ಹೋಗಲ್ಲ. ಅದಕ್ಕೇ ಕಿವಿ ನಂಬೋದು ಬಿಟ್ಟು ಪೈಪ್ ಮೇಲೆ ಕೈಯಿಟ್ಟು ನೋಡ್ತೀನಿ, ಅದುರ್ತಾ ಇದ್ರೆ ನೀರು ಬರ್ತಿದೆ, ಇಲ್ಲಾಂದ್ರೆ ಇಲ್ಲ. ಮನೆಯವರು ಮೊದಮೊದಲು "ಏನ್ರೀ, ಕರೆಂಟ್ ಹೋಗಿ ಗಂಟೆ ಆಯ್ತು, ಇನ್ನೂ ತೋಟದಲ್ಲೇ ಕೂತಿದ್ದೀರಲ್ಲ" ಅಂತ ಟಾರ್ಚ್ ಹಿಡ್ಕೊಂಡು ಬರೋರು, ಈಗ ಫೋನ್ ಮಾಡಿ ಹೇಳ್ತಾರೆ.

ನಮ್ಮಮ್ಮ ಗಾಳಿ ಸೋಕಿದೆ ಅಂತ ನಿಂಬೆಹಣ್ಣು ಇಳಿ ತೆಗೆದ್ರು. ಪಕ್ಕದ ತೋಟದೋನು "ಅಣ್ಣಾ, ಬೆಳ್ಳುಳ್ಳಿ ಹಾಕಿ ಎಣ್ಣೆ ಬಿಸಿ ಮಾಡಿ ಬಿಡು" ಅಂದ. ನಿಂಬೆಹಣ್ಣಿಂದ ನಷ್ಟ ಏನಿಲ್ಲ ಬಿಡಿ, ಎಣ್ಣೆ ಮಾತ್ರ ಯಾರೂ ಬಿಟ್ಕೋಬೇಡಿ, ಕಿವಿ ತಮಟೆಲಿ ತೂತಿದ್ರೆ ಇನ್ನೊಂದು ರೋಗ ಅಂಟುತ್ತೆ. ಒಂದು ಆಸ್ಪತ್ರೇಲಿ "ವಯಸ್ಸಾಯ್ತಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ವಿಟಮಿನ್ ಬರೆದುಕೊಟ್ಟು ಕಳಿಸಿದ್ರು. ಇನ್ನೊಂದು ಕಡೆ ಶ್ರವಣ ಪರೀಕ್ಷೆ ಮಾಡೋ ಹುಡುಗಿ, ನನ್ನ ಮಗಳ ವಯಸ್ಸು ಇರಬಹುದು, ಕೂರಿಸ್ಕೊಂಡು ಬಿಡಿಸಿ ಹೇಳಿದಳು. 250ರಿಂದ 8000 ಹರ್ಟ್ಜ್ ತನಕ, ಅಂದ್ರೆ ದಪ್ಪ ಸದ್ದಿಂದ ಕೀಚಲು ಸದ್ದಿನ ತನಕ, ಕೇಳಿಸಿ ಗೆರೆ ಎಳೀತಾರೆ, ನನ್ನ ಗೆರೆ 4000 ಹತ್ರ ಗುಂಡಿಗೆ ಬಿದ್ದಂಗೆ ಇಳಿದಿತ್ತು, ಮಷಿನ್ ಸದ್ದಲ್ಲಿ ಕೆಲಸ ಮಾಡಿದೋರದ್ದು ಹೆಚ್ಚಾಗಿ ಹಿಂಗೇ ಇರುತ್ತಂತೆ. ಒಳಗಿವಿಲಿರೋ ಸಣ್ಣ ಕೂದಲಿರೋ ಜೀವಕೋಶಗಳು ಸತ್ರೆ ಮತ್ತೆ ಬೆಳೆಯಲ್ಲ. ಅಲ್ಲಿಂದ ಬರ್ಬೇಕಾದ ಸದ್ದು ಕಮ್ಮಿ ಆಯ್ತು ಅಂತ ಮಿದುಳು ತನ್ನ ವಾಲ್ಯೂಮ್ ತಾನೇ ಏರಿಸ್ಕೊಳ್ಳುತ್ತೆ, ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋಗೆ ವಾಲ್ಯೂಮ್ ಕೊಟ್ರೆ ಬರೀ ಗೊರಗೊರ ಜಾಸ್ತಿ ಆಗುತ್ತಲ್ಲ, ಹಂಗೆ. ಕಿವಿ ಗುಂಯ್‌ಗುಡೋದಕ್ಕೆ ಟಿನಿಟಸ್ ಅಂತಾರೆ, ಹೊರಗಿನ ಸದ್ದಿಗೆ ತಕ್ಕಂತೆ ಏರೋ ಇಳಿಯೋ ಈ ನಮೂನೆಗೆ ರಿಯಾಕ್ಟಿವ್ ಟಿನಿಟಸ್ ಅಂತಾರೆ ಅಂತಾನೂ ಅವಳೇ ಹೇಳಿದ್ದು. ಹುಚ್ಚಲ್ಲ ಅಂತ ಗೊತ್ತಾಗಿದ್ದೇ ನನಗೆ ಅರ್ಧ ಔಷಧಿ ಆಯ್ತು.

ಈಗ ತಕರಾರಿಗೆ ಬರ್ತೀನಿ. ಮಧ್ಯಾಹ್ನ ಮಾವಿನ ತೋಪಲ್ಲಿ ಗಾಳಿನೂ ಇಲ್ಲದಾಗ ಕೂತ್ರೆ ಅದಕ್ಕಿಂತ ಶಾಂತವಾದ ಜಾಗ ಯಾವ್ದಿದೆ ಹೇಳಿ, ಅಲ್ಲೇ ನನಗೆ ಸದ್ದು ಜೋರು. ಇದು ನನ್ನೊಬ್ಬನ ಕಥೆ ಅಲ್ಲ. 1953ರಲ್ಲಿ ಅಮೆರಿಕಾದಲ್ಲಿ ಹೆಲರ್, ಬರ್ಗ್‌ಮನ್ ಅನ್ನೋ ಇಬ್ಬರು ಕಿವಿ ಚೆನ್ನಾಗಿರೋ 80 ಜನರನ್ನ ಸದ್ದೇ ಬರದ ರೂಮಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿ ಏನು ಕೇಳ್ಸುತ್ತೆ ಅಂದ್ರು, ನೂರಕ್ಕೆ 94 ಜನ ಏನೋ ಸದ್ದು ಕೇಳ್ತಿದೆ ಅಂದ್ರು. ಕಿವಿ ಸರಿಯಿದ್ದೋರ ಗತಿಯೇ ಹಿಂಗಾದ್ರೆ ನಮ್ಮದು ಕೇಳಬೇಕಾ. ದಿನವಿಡೀ ಹತ್ತಿ ತುರುಕ್ಕೊಂಡು ಓಡಾಡೋರನ್ನೂ ನೋಡಿದ್ದೀನಿ, ಅದೂ ಕೆಟ್ಟದ್ದೇ, ಕಿವಿ ಮುಚ್ಚಿದಷ್ಟೂ ಮಿದುಳು ಇನ್ನೂ ಹುಡುಕುತ್ತೆ. ನಿಜವಾಗ್ಲೂ ಜೋರು ಸದ್ದಿರೋ ಕಡೆ ಆ ಹತ್ತಿ ಅಷ್ಟೇನೂ ತಡೆಯಲ್ಲ ಬೇರೆ.

ಹಂಗಂತ ಫ್ಯಾನ್ ಹಾಕ್ಕೊಂಡು ಮಲಗಿ ಅನ್ನೋ ಸಲಹೆನೂ ನಮ್ಮಂಥೋರಿಗೆ ಉಲ್ಟಾ ಹೊಡಿಯುತ್ತೆ, ಒಂದೇ ಸಮ ಬರೋ ಸದ್ದನ್ನ ನನ್ನ ಕಿವಿ ತಕ್ಷಣ ಕಾಪಿ ಹೊಡಿಯುತ್ತೆ. ಆದ್ರೆ ಮಾತನ್ನ ಕಾಪಿ ಹೊಡಿಯಲ್ಲ! ಬಿಟ್ಟು ಬಿಟ್ಟು ಬರೋದಲ್ವ, ಅದಕ್ಕೇನೋ. ಆಕಾಶವಾಣಿಯ ಕೃಷಿ ಕಾರ್ಯಕ್ರಮ ಸಣ್ಣಗೆ ಹಾಕ್ಕೊಂಡ್ರೆ ನಿದ್ದೆ ಬರುತ್ತೆ, ಅದು ಕಾರ್ಯಕ್ರಮದ ಗುಣ ಅಂತ ನನ್ನ ಮಗ ತಮಾಷೆ ಮಾಡ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಹೊಂದುತ್ತೆ, ಕೆಲವರಿಗೆ ಹಿಯರಿಂಗ್ ಏಡ್ ಹಾಕಿದ್ರೇ ಹಗುರ ಆಗುತ್ತೆ. ಇದನ್ನ ವಾಸಿ ಮಾಡೋ ಮಾತ್ರೆ ಇಲ್ಲ, ಇದೆ ಅಂತ ದುಡ್ಡು ಕೇಳೋರಿಂದ ದೂರ ಇರಿ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಂತೊಂದಿದೆ, ಮಾತುಕತೆಯಿಂದಲೇ ನಮ್ಮ ಯೋಚನೆ ರೀತಿ ಬದಲಾಯಿಸೋ ಚಿಕಿತ್ಸೆ, ಸದ್ದು ಹೋಗಲ್ಲ, ಅದರ ಕಾಟ ಕಮ್ಮಿ ಆಗುತ್ತೆ. ಒಂದೇ ಕಿವಿಲಿ ಸದ್ದು ಬಂದ್ರೆ, ನಾಡಿ ಥರ ಬಡಿದ್ರೆ, ದಿಢೀರಂತ ಕಿವಿ ಕೇಳದಂಗಾದ್ರೆ ಮಾತ್ರ ಒಂದು ದಿನವೂ ಕಾಯದೆ ಇಎನ್‌ಟಿ ಡಾಕ್ಟರ್ ಹತ್ರ ಓಡಿ.

ನಮ್ಮ ಸುತ್ತ ಸದ್ದು ಪೂರ್ತಿ ಇಲ್ಲದಿರೋದು ಬೇಡ, ಅತಿಯಾಗೋದೂ ಬೇಡ, ಅಷ್ಟೇ ನಮ್ಮ ಬೇಡಿಕೆ. ಅದಕ್ಕೆ ಕಾನೂನು ಆಗ್ಲೇ ಇದೆ, 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಾಸದ ಜಾಗಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ (ಸದ್ದಿನ ಜೋರು ಅಳೆಯೋ ಲೆಕ್ಕ), ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಲೌಡ್‌ಸ್ಪೀಕರ್ ಹಾಕಂಗಿಲ್ಲ. ಗಣೇಶನ ಮುಂದೆ ಡಿಜೆ ಹಾಕೋ ಹುಡುಗ್ರಿಗೆ ಇದನ್ನ ಹೇಳಿದ್ರೆ ನಗ್ತಾರೆ. ಮತ್ತೆ ತಾಲ್ಲೂಕು ಆಸ್ಪತ್ರೆಲಿ ವಾರಕ್ಕೊಂದು ದಿನನಾದ್ರೂ ಶ್ರವಣ ತಪಾಸಣೆ ಮಾಡೋರು ಕೂರಲಿ, ಕೇಂದ್ರದ ಕಿವುಡುತನ ತಡೆ ಕಾರ್ಯಕ್ರಮ 2007ರಿಂದ ನಡೀತಿದೆ, ಅದರ ಫಲ ನಮ್ಮ ಹಳ್ಳಿಗೂ ಬರಲಿ.

ಎಲ್ಲಕ್ಕಿಂತ ಜಾಸ್ತಿ ನನಗೆ ಹೊಟ್ಟೆ ಉರಿಯೋದು ಈಗ ಲಾರಿಲಿರೋ ಹುಡುಗ್ರನ್ನ ನೋಡಿದ್ರೆ. 85 ಡೆಸಿಬೆಲ್ ಎಂಟು ಗಂಟೆ ತಡ್ಕೋಬಹುದು, ಮೂರು ಡೆಸಿಬೆಲ್ ಏರಿದಂಗೆಲ್ಲಾ ಆ ಟೈಮ್ ಅರ್ಧಕ್ಕೆ ಇಳಿಯುತ್ತೆ ಅನ್ನೋ ಲೆಕ್ಕ ಇದೆ, ನೂರು ಮುಟ್ಟಿದ್ರೆ ಕಾಲು ಗಂಟೆ ಅಷ್ಟೇ. ಅವರು ಇಡೀ ರಾತ್ರಿ ನಿಲ್ತಾರೆ. ಹತ್ತು ಅಡಿ ಕೊರೆಯೋ ದುಡ್ಡಲ್ಲಿ ಕಿವಿ ಮುಚ್ಚಿ ಸದ್ದು ತಡೆಯೋ ಒಂದು ಇಯರ್ ಮಫ್ ಬರುತ್ತೆ. ಬೋರ್ ಹಾಕಿಸೋ ರೈತರೇ, ಅಡಿಗೆ ಎಷ್ಟು ಅಂತ ಏಜೆಂಟ್ ಹತ್ರ ಚೌಕಾಸಿ ಮಾಡೋವಾಗ ಹುಡುಗ್ರ ಕಿವಿಗೆ ಏನಿದೆ ಅಂತಾನೂ ಕೇಳಿ, ಇಲ್ಲಾಂದ್ರೆ ತರೋ ತನಕ ಲಾರಿ ಸ್ಟಾರ್ಟ್ ಮಾಡಿಸ್ಬೇಡಿ.

ಇತಿ,
ಒಬ್ಬ ರೈತ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ