ವೈಟೊಮೊ ಗುಹೆಯ ಗೈಡ್ ಅಕ್ಕನಿಗೆ

ನ್ಯೂಜಿಲೆಂಡಿನ ವೈಟೊಮೊದಲ್ಲಿ ಗ್ಲೋವರ್ಮ್ ಎಂಬ ಬೆಳಕು ಸೂಸುವ ಹುಳುಗಳ ಗುಹೆ ನೋಡಲು ಹೋಗಿದ್ದೆವು. ದೋಣಿ ಹತ್ತುವ ಜಾಗದ ಹತ್ತಿರ ಅಮ್ಮ ನಿಂತೇಬಿಟ್ಟರು. ಒದ್ದೆ ಮೆಟ್ಟಿಲು, ಕತ್ತಲು, ಮೊದಲೇ ಮಂಡಿನೋವು. ಹಿಂದೆ ಜನ ಕಾಯುತ್ತಿದ್ದರು. ನನಗೆ ಏನೂ ತೋಚಲಿಲ್ಲ.

ಗೈಡ್ ಅವಸರ ಮಾಡಲಿಲ್ಲ. ಟಾರ್ಚನ್ನು ಅಮ್ಮನ ಪಾದದ ಹತ್ತಿರ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಹುಳುಗಳು ಇಳಿಬಿಟ್ಟ ಅಂಟು ಎಳೆ, ಬೆಳಕಿಗೆ ಮರುಳಾಗಿ ಅದರಲ್ಲಿ ಸಿಕ್ಕಿಬೀಳುವ ಸಣ್ಣ ಕೀಟ, ಎಲ್ಲವನ್ನೂ ಬೆರಳಲ್ಲೇ ಆಡಿಸಿ ತೋರಿಸಿದರು. ಅಮ್ಮ ನಕ್ಕರು. ನನಗೆ ಆಗಲೇ ಜೀವ ಬಂದಂತಾಯಿತು.

ದೋಣಿಗೆ ಮೋಟಾರಿಲ್ಲ, ತಲೆಯ ಮೇಲಿನ ಹಗ್ಗ ಹಿಡಿದು ಗೈಡೇ ಎಳೆಯಬೇಕು. ಅಷ್ಟು ಕೆಲಸದ ನಡುವೆಯೂ ಆಗಾಗ ಅಮ್ಮನ ಭುಜ ಮುಟ್ಟುತ್ತಿದ್ದರು.

ಹೊರಗೆ ಬಂದಾಗ ಮುಂದಿನ ಗುಂಪು ಕಾಯುತ್ತಿತ್ತು, ಹೆಸರು ಕೇಳಲಾಗಲಿಲ್ಲ. ತುಂಬಾ ಥ್ಯಾಂಕ್ಸ್ ಅಕ್ಕ. ಅಮ್ಮ ಕೈಮುಗಿದಿದ್ದು ನಿಮಗೇ.