ಪರಿಹಾರದ ಪಟ್ಟಿಯಲ್ಲಿ ಈ ಮಕ್ಕಳೂ ಇರಲಿ

ಮಾನ್ಯರೇ,

ಆಲಮಟ್ಟಿ ಅಣೆಕಟ್ಟಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರುವ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಪರಿಹಾರದ್ದೇ ಮಾತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಹೊಲ ಕಳೆದುಕೊಳ್ಳುವವರಿಗೆ ಅದು ಬೇಕೇ ಬೇಕು. ಆದರೆ ಮುಳುಗುವ ಆ ಊರುಗಳಲ್ಲಿ ಆಟಿಸಂ, ಅಂದರೆ ಮಾತು, ಒಡನಾಟ ಕಷ್ಟವಾಗುವ ಸ್ಥಿತಿ, ಇರುವ ಮಕ್ಕಳೂ ಇರುತ್ತಾರಲ್ವಾ?

ನಾವು ಹಿಂದಿನ ಸುತ್ತಿನಲ್ಲೇ ಊರು ಮುಳುಗಿದವರು. ಈಗ ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರದಲ್ಲಿದ್ದೇವೆ. ನನ್ನ ಮೊಮ್ಮಗನಿಗೆ ಏಳು ವರ್ಷ. ಮಾತು ಕಡಿಮೆ. ಮಿಕ್ಸರ್ ಸದ್ದಾದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಇಲ್ಲಿ ಎಲ್ಲ ಓಣಿಯೂ ಒಂದೇ ಥರ, ಯಾರದೋ ಮನೆಯೊಳಗೆ ಹೋಗಿ ಕೂತುಬಿಡುತ್ತಾನೆ. ಹಳೇ ಊರಲ್ಲಾಗಿದ್ದರೆ ನಮ್ಮವರೇ ಕೈಹಿಡಿದು ತಂದು ಬಿಡುತ್ತಿದ್ದರು. ಈಗ ಅಣ್ಣತಮ್ಮಂದಿರ ಮನೆಗಳು ಬೇರೆಬೇರೆ ಕೇಂದ್ರಗಳಿಗೆ ಚದುರಿವೆ. ಸೊಸೆ ಒಂದು ತಾಸು ಹೊರಗೆ ಹೋಗಬೇಕೆಂದರೂ ಹುಡುಗನನ್ನು ನೋಡಿಕೊಳ್ಳುವವರಿಲ್ಲ. ಮಾತು ಕಲಿಸುವ ಸ್ಪೀಚ್ ಥೆರಪಿಗೆ ಬಾಗಲಕೋಟೆಗೆ ಹೋಗುತ್ತೇವೆ. ತುಂಬಿದ ಬಸ್ಸಿನಲ್ಲಿ ಅವನು ಕಿರುಚಿದರೆ, ‘ಎರಡು ಕೊಡ್ರಿ, ಸುಮ್ನಾಗ್ತಾನ’ ಎಂಬ ಉಪದೇಶ ಪುಕ್ಕಟೆ!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ಆಟಿಸಂ ಇದೆ. ಕೇಂದ್ರ ಸರ್ಕಾರದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಥೆರಪಿಯೂ ಸೇರಿ. ಇದನ್ನು ಯಾವ ಅಧಿಕಾರಿಯೂ ನಮಗೆ ಹೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಸಿಕ್ಕ ಇನ್ನೊಂದು ಮಗುವಿನ ತಾಯಿ ಹೇಳಿದರು.

ಮನೆ, ಮರ, ಬಾವಿ ಎಣಿಸಲು ಬರುವವರು ಇಂಥ ಮಕ್ಕಳನ್ನೂ ಬರೆದುಕೊಳ್ಳಲಿ. ಒಂದೇ ಬಳಗದವರಿಗೆ ಅಕ್ಕಪಕ್ಕ ನಿವೇಶನ ಕೊಡಲಿ. ವಾರಕ್ಕೊಮ್ಮೆಯಾದರೂ ಥೆರಪಿಸ್ಟ್ ಪುನರ್ವಸತಿ ಕೇಂದ್ರದ ಅಂಗನವಾಡಿಗೇ ಬರಲಿ, ನಮ್ಮಂಥ ಹಳೇ ಕೇಂದ್ರಗಳಿಗೂ.

– ಒಬ್ಬ ಅಜ್ಜ, ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ